ಟಿಕೆಟಿಗೆ ದುಡ್ಡು ಕೊಡುವವಳು ನಾನು

ಉಡುಪಿ ಜಿಲ್ಲೆಯ ಪಡುಬಿದ್ರಿಯಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುವ ನನ್ನಂಥ ಹೆಂಗಸರಿಗೆ ಶಕ್ತಿ ಯೋಜನೆ ಅಂದರೆ ಪೇಪರಿನಲ್ಲಿ ಓದುವ ಸುದ್ದಿ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆಲ್ಲ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿಗೆ ದುಡ್ಡಿಲ್ಲ, ಕಂಡಕ್ಟರ್ ಸೊನ್ನೆ ರೂಪಾಯಿಯ ಶೂನ್ಯ ಟಿಕೆಟ್ ಕೊಡುತ್ತಾನೆ. 2025ರ ಜುಲೈ 14ರಂದು 500 ಕೋಟಿಯನೇ ಶೂನ್ಯ ಟಿಕೆಟನ್ನು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಬಸ್ಸು ಹತ್ತಿ ಹರಿದು ಕೊಟ್ಟರು. ನಮ್ಮ ಹೆದ್ದಾರಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಅಲ್ಲಿ ಹೆಂಗಸಿಗೂ ಟಿಕೆಟ್, ಗಂಡಸಿಗೂ ಟಿಕೆಟ್.

ನಮ್ಮ ಆಫೀಸಿನಲ್ಲಿ ಹಾಸನ ಕಡೆಯ ಒಬ್ಬಳು ಹುಡುಗಿ ಇದ್ದಾಳೆ. ಅವಳಿಗೆ ಇದು ಅರ್ಥವೇ ಆಗುವುದಿಲ್ಲ. "ಅಕ್ಕ, ನೀವೆಲ್ಲ ಸೇರಿ ಸರ್ಕಾರಿ ಬಸ್ ಬೇಕು ಅಂತ ಯಾಕೆ ಕೇಳಲ್ಲ? ತಿಂಗಳಿಗೆ ಎಷ್ಟು ದುಡ್ಡು ಉಳಿಯುತ್ತೆ!" ಅಂದಳು. ಊಟದ ಹೊತ್ತಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟೆ. ಅದು ಸಾಕಾಗಲಿಲ್ಲ. ಹಾಗಾಗಿ ಇಲ್ಲಿ ಸಮಾಧಾನದಿಂದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಬಿಜೆಪಿಗೆ ಓಟು ಹಾಕುವವಳು. ಉಡುಪಿ ಜಿಲ್ಲೆಯ ಐದಕ್ಕೆ ಐದೂ ಸೀಟನ್ನು 2023ರಲ್ಲಿ ಬಿಜೆಪಿಗೆ ಕೊಟ್ಟವರಲ್ಲಿ ನಾನೂ ಒಬ್ಬಳು. ಆದರೆ ಇದನ್ನು ಪಕ್ಷಕ್ಕೋಸ್ಕರ ಬರೆಯುತ್ತಿಲ್ಲ. ನಾನು ಲೆಕ್ಕ ಬರೆಯುವ ಕೆಲಸದವಳು. ಒಂದು ಕಡೆ ಖರ್ಚು ಕಂಡರೆ ಅದು ಯಾವ ಕಡೆಯಿಂದ ಬಂತು ಅಂತ ನೋಡದೆ ಬಿಡಲಿಕ್ಕೆ ನನ್ನಿಂದ ಆಗುವುದಿಲ್ಲ.

ನಮ್ಮ ಕಡೆಯ ಬಸ್ಸು ಹೇಗೆ ನಡೆಯುತ್ತದೆ ಅನ್ನುವುದನ್ನು ಹೊರಗಿನವರು ನೋಡಿರುವುದಿಲ್ಲ. ಬೆಳಗಿನ ಎಕ್ಸ್‌ಪ್ರೆಸ್ ಬಸ್ಸು ಪಡುಬಿದ್ರಿಗೆ ಬರುವಾಗ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಬಾಳೆ ಎಲೆಯ ಕಟ್ಟುಗಳು ಇರುತ್ತವೆ. ಅದು ಶಂಕರಪುರ ಮಲ್ಲಿಗೆ. ಕಟಪಾಡಿಯಲ್ಲಿ ಯಾರೋ ಕೊಟ್ಟಿರುತ್ತಾರೆ. ಬಾಳೆನಾರಿನಿಂದ ಬಿಗಿದು ಕಟ್ಟಿ, ಮೇಲೊಂದು ಚೀಟಿ ಸಿಕ್ಕಿಸಿರುತ್ತಾರೆ. ಎಲೆಯ ಮೇಲೆ ಇನ್ನೂ ನೀರಿನ ಹನಿ ಇರುತ್ತದೆ. ಮೂಲ್ಕಿಯಲ್ಲಿ ಒಂದು ಕಟ್ಟು, ಸುರತ್ಕಲ್‌ನಲ್ಲಿ ಎರಡು ಕಟ್ಟು ಇಳಿಯುತ್ತದೆ. ಕಂಡಕ್ಟರ್ ಬಾಗಿಲಲ್ಲಿ ನಿಂತು ಕೈ ಚಾಚುತ್ತಾನೆ, ಹೂವಿನ ಅಂಗಡಿಯವನು ಓಡಿ ಬಂದು ತೆಗೆದುಕೊಳ್ಳುತ್ತಾನೆ, "ರೈಟ್ ಪೋಯಿ" ಅನ್ನುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ರಸೀದಿ ಇಲ್ಲ, ಸಹಿ ಇಲ್ಲ. ತಪ್ಪಿ ಬೇರೆಯವರ ಕೈಗೆ ಹೋದದ್ದನ್ನು ನಾನು ನೋಡಿಲ್ಲ. ಹಬ್ಬದ ದಿನ ಆ ಒಂದೊಂದು ಕಟ್ಟಿನ ಬೆಲೆ ಎಷ್ಟು ಅಂತ ಮದುವೆ ಮನೆಯವರನ್ನು ಕೇಳಿ.

ಈ ವ್ಯವಸ್ಥೆಯನ್ನು ಯಾವ ಮಂತ್ರಿಯೂ ಉದ್ಘಾಟನೆ ಮಾಡಲಿಲ್ಲ. ಹೂವು ಕಟ್ಟುವ ಮನೆಯವರಿಗೆ ಬೇಕಿತ್ತು, ಬಸ್ಸಿನವನಿಗೆ ಎರಡು ಕಾಸು ಸಿಗುತ್ತಿತ್ತು, ತನ್ನಷ್ಟಕ್ಕೆ ಬೆಳೆಯಿತು. ಕ್ಯಾಮೆರಾ ರಿಪೇರಿಗೆ ಕೊಟ್ಟದ್ದು, ಅಜ್ಜಿಯ ಮದ್ದು, ಮಗ ಮರೆತು ಬಿಟ್ಟ ಹಾಲ್ ಟಿಕೆಟ್, ಎಲ್ಲವೂ ಇದೇ ಬಾನೆಟ್ ಮೇಲೆ ಬಂದಿದೆ.

ಬಸ್ಸು ಸಮಯಕ್ಕೆ ಬರುವುದಕ್ಕೂ ಕಾರಣ ಉಂಟು. ಪ್ರತಿ ಪರ್ಮಿಟಿಗೂ ಒಂದು ಟೈಮಿಂಗ್. ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಗಡಿಯಾರ ಹಿಡಿದು ನಿಂತಿರುತ್ತಾನೆ. ಎರಡು ನಿಮಿಷ ತಡ ಮಾಡಿದರೆ ಹಿಂದಿನ ಬಸ್ಸಿನವನು ಬಂದು ಜನರನ್ನು ಹತ್ತಿಸಿಕೊಳ್ಳುತ್ತಾನೆ. ಆ ದಿನದ ಕಲೆಕ್ಷನ್ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ನಾನು ಕೈ ತೋರಿಸಿದರೆ ಬಸ್ಸು ನಿಲ್ಲುತ್ತದೆ. ನನ್ನ ಹತ್ತಿರ ಇರುವ ಟಿಕೆಟ್ ದುಡ್ಡು ಅವನಿಗೆ ಬೇಕು. ಇದರಲ್ಲಿ ಅವಮಾನದ ಮಾತು ಏನೂ ಇಲ್ಲ. ನನಗೆ ಅವನು ಬೇಕು, ಅವನಿಗೆ ನಾನು ಬೇಕು.

ಇನ್ನು ದುಡ್ಡಿನ ವಿಷಯ.

2024ರ ಜೂನ್‌ನಲ್ಲಿ, ಲೋಕಸಭೆ ಚುನಾವಣೆ ಮುಗಿದ ಮೇಲೆ, ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. ಲೀಟರಿಗೆ ಸುಮಾರು ₹3 ಜಾಸ್ತಿ ಆಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ₹2. ಆ ತೆರಿಗೆ ಆಗ ಶೇ. 21.17 ಆಯಿತು. ಒಂದು ಬಸ್ಸು ದಿನಕ್ಕೆ 60 ಲೀಟರ್ ಡೀಸೆಲ್ ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. ಲೀಟರಿಗೆ ಐದು ರೂಪಾಯಿಯಂತೆ ದಿನಕ್ಕೆ ₹300. ತಿಂಗಳಿಗೆ ಹೆಚ್ಚುಕಡಿಮೆ ₹9,000. ಈ ದುಡ್ಡನ್ನು ಬಸ್ಸಿನ ಧಣಿ ತನ್ನ ಮನೆಯಿಂದ ತರುವುದಿಲ್ಲ. ಇವತ್ತಲ್ಲದಿದ್ದರೆ ನಾಳೆ ಟಿಕೆಟಿಗೆ ಸೇರಿಸುತ್ತಾನೆ. ಸೇರಿಸಲು ಆಗದಿದ್ದರೆ ಟಯರ್ ಬದಲಿಸುವುದನ್ನು ಮುಂದೆ ಹಾಕುತ್ತಾನೆ, ಇಲ್ಲವೇ ಒಂದು ಟ್ರಿಪ್ ಕಡಿಮೆ ಮಾಡುತ್ತಾನೆ. ಹೇಗೆ ನೋಡಿದರೂ ಕೊಡುವವಳು ಬಸ್ಸಿನೊಳಗೆ ಕೂತ ನಾನೇ.

ನನ್ನ ಜತೆ ಬರುವ ಹೆಂಗಸರು ಯಾರು ಅಂತ ಸ್ವಲ್ಪ ನೋಡಿ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುವವರು. ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸದವರು. ಬೈಕಂಪಾಡಿಯ ಫ್ಯಾಕ್ಟರಿಗಳಿಗೆ ಹೋಗುವವರು. ಬೀಡಿ ಬ್ರಾಂಚಿಗೆ ಬೀಡಿ ಕೊಂಡುಹೋಗುವ ವಯಸ್ಸಾದವರು. ಇವರಲ್ಲಿ ಶ್ರೀಮಂತರು ಯಾರೂ ಇಲ್ಲ. ಇವರು ತಮ್ಮ ಟಿಕೆಟಿನ ಪೂರ್ತಿ ದುಡ್ಡು ಕೊಟ್ಟು, ಅದರೊಳಗಿನ ಡೀಸೆಲ್ ತೆರಿಗೆಯನ್ನೂ ಕೊಡುತ್ತಾರೆ. ಆ ತೆರಿಗೆ ಸೇರುವ ಖಜಾನೆಯಿಂದಲೇ ಬೆಂಗಳೂರಿನಲ್ಲಿ ಎಂಬತ್ತು ಸಾವಿರ ಸಂಬಳ ಎಣಿಸುವ ಹೆಂಗಸಿನ ಶೂನ್ಯ ಟಿಕೆಟಿಗೂ ದುಡ್ಡು ಹೋಗುತ್ತದೆ. ಇದು ಯಾವ ನ್ಯಾಯ ಅಂತ ನನಗೆ ಯಾರಾದರೂ ತಿಳಿಸಿ ಹೇಳಬೇಕು.

ಡೀಸೆಲ್ ದರ ಪಕ್ಕದ ರಾಜ್ಯಗಳಿಗಿಂತ ಕಡಿಮೆಯೇ ಇದೆ ಅಂತ ಸರ್ಕಾರ ಹೇಳುತ್ತದೆ. ಕೇರಳಕ್ಕೆ ಹೋಲಿಸಿದರೆ ಅದು ನಿಜ. ಕಾಸರಗೋಡಿನ ಗಾಡಿಗಳು ತಲಪಾಡಿಯಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೋಗುವುದನ್ನು ನಾವು ನೋಡುತ್ತೇವೆ. ಆದರೆ ಪಕ್ಕದ ಮನೆಯವರ ಸಾಲ ಜಾಸ್ತಿ ಉಂಟು ಅಂತ ನಮ್ಮ ಸಾಲ ಕಡಿಮೆ ಆಗುವುದಿಲ್ಲ, ಅಲ್ವಾ?

ಡೀಸೆಲ್ ಒಂದೇ ಅಲ್ಲ. 2025ರ ಏಪ್ರಿಲ್ 1ನ್ನೇ ತೆಗೆದುಕೊಳ್ಳಿ. ಅದೇ ದಿನದಿಂದ ನಂದಿನಿ ಹಾಲು ಲೀಟರಿಗೆ ₹4 ಏರಿತು. ಅದೇ ದಿನದಿಂದ ಕರೆಂಟಿಗೆ ಯೂನಿಟಿಗೆ 36 ಪೈಸೆ ಸೇರಿತು, ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ. ಹಾಲಿನ ದುಡ್ಡು ರೈತರಿಗೆ ಹೋಗುತ್ತದೆ ಅಂದರು, ಅದಕ್ಕೆ ನನ್ನ ತಕರಾರು ಇಲ್ಲ. ಹಸು ಸಾಕುವ ಕಷ್ಟ ನಮ್ಮ ಮನೆಯಲ್ಲೂ ಗೊತ್ತು. ಪಿಂಚಣಿಯ ದುಡ್ಡು ಮಾತ್ರ ಗ್ರಾಹಕನ ಬಿಲ್ಲಿಗೆ ಯಾಕೆ ಬರಬೇಕು ಅಂತ ಇವತ್ತಿಗೂ ಅರ್ಥವಾಗಿಲ್ಲ. ಗೃಹಜ್ಯೋತಿ ನಮ್ಮ ಮನೆಗೂ ಬರುತ್ತದೆ, ಮುಚ್ಚಿಡುವುದಿಲ್ಲ. 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಮಿತಿ ಹಾಕಿದ್ದಾರೆ. ಸೆಕೆಗಾಲದಲ್ಲಿ ಫ್ಯಾನ್ ನಿಲ್ಲದ ನಮ್ಮ ಕರಾವಳಿಯಲ್ಲಿ ಆ ಮಿತಿ ದಾಟುವುದು ಕಷ್ಟವಲ್ಲ. 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು.

ಈಗ ಇನ್ನೊಂದು ಬದಿಯನ್ನೂ ಹೇಳಬೇಕು. ನನ್ನ ಚಿಕ್ಕಮ್ಮ ಇರುವುದು ಪುತ್ತೂರಿನ ಆಚೆ. ಆ ಕಡೆ ಸರ್ಕಾರಿ ಬಸ್ಸುಗಳೇ ಜಾಸ್ತಿ. ಅವರಿಗೆ ಶುಗರ್ ಉಂಟು, ಆಸ್ಪತ್ರೆಗೆ ಪುತ್ತೂರಿಗೇ ಬರಬೇಕು. ಮೊದಲೆಲ್ಲ ಮಗನ ಹತ್ತಿರ ಬಸ್ಸಿನ ದುಡ್ಡು ಕೇಳಲು ನಾಚಿಕೆಪಟ್ಟು ಒಂದೊಂದು ತಿಂಗಳು ಹೋಗದೇ ಇರುತ್ತಿದ್ದರು. ಈಗ ಆಧಾರ್ ಕಾರ್ಡ್ ಹಿಡಿದು ತಾವೇ ಹೊರಡುತ್ತಾರೆ. ಧರ್ಮಸ್ಥಳಕ್ಕೂ ಹೋಗಿ ಬಂದರು. ಅವರ ಮುಖದ ಖುಷಿ ನೋಡಿದ ಮೇಲೆ ಈ ಯೋಜನೆಯಿಂದ ಯಾರಿಗೂ ಉಪಕಾರವಿಲ್ಲ ಅಂತ ನಾನು ಹೇಳಲಾರೆ. ಹೇಳಿದರೆ ಸುಳ್ಳಾಗುತ್ತದೆ.

ಆದರೆ ಚಿಕ್ಕಮ್ಮನಂಥವರಿಗೆ ಸಹಾಯ ಮಾಡಲು ರಾಜ್ಯದ ಪ್ರತಿಯೊಬ್ಬ ಹೆಂಗಸಿಗೂ ಬಿಟ್ಟಿ ಕೊಡಬೇಕಿತ್ತೇ? ಬಿಪಿಎಲ್ ಕಾರ್ಡ್ ಇದ್ದವರಿಗೆ ಕೊಡಬಹುದಿತ್ತು. ಉಳಿದವರಿಗೆ ಅರ್ಧ ದರ ಇಡಬಹುದಿತ್ತು. ವಯಸ್ಸಾದ ಗಂಡಸರು ಇದ್ದಾರೆ, ಕೂಲಿ ಮಾಡುವ ಗಂಡಸರು ಇದ್ದಾರೆ. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರ ಶೇ. 15 ಏರಿದಾಗ ಆ ಏರಿಕೆ ಪೂರ್ತಿ ಬಿದ್ದದ್ದು ಅವರ ಜೇಬಿಗೆ. ಚಿಕ್ಕಮ್ಮನ ಪಕ್ಕದ ಸೀಟಿನಲ್ಲಿ ಕೂತ ಚಿಕ್ಕಪ್ಪ ಈಗ ಮೊದಲಿಗಿಂತ ಜಾಸ್ತಿ ಕೊಡುತ್ತಾರೆ. ಮನೆ ಒಂದೇ, ದುಡ್ಡಿನ ಡಬ್ಬಿಯೂ ಒಂದೇ.

2025-26ರ ಬಜೆಟಿನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ₹51,034 ಕೋಟಿ. ಅದರಲ್ಲಿ ಶಕ್ತಿಗೆ ₹5,300 ಕೋಟಿ. ಅದೇ ವರ್ಷ ಸರ್ಕಾರ ಮಾಡಲು ಹೊರಟ ಸಾಲ ₹1.16 ಲಕ್ಷ ಕೋಟಿ. ಬಸ್ ನಿಗಮಗಳ ಕಥೆ ಇನ್ನೂ ಕಷ್ಟದ್ದು. ಅವರ ನೌಕರರ ಭವಿಷ್ಯ ನಿಧಿಯ ಬಾಕಿ, ಡೀಸೆಲ್ ಬಾಕಿ ತೀರಿಸಲು ₹2,000 ಕೋಟಿ ಸಾಲ ಎತ್ತಲು ಸರ್ಕಾರವೇ ಒಪ್ಪಿಗೆ ಕೊಡಬೇಕಾಯಿತು. ಡ್ರೈವರ್ ಕಂಡಕ್ಟರುಗಳ ಪಿಎಫ್ ಅಂದರೆ ಅವರು ಮುದುಕರಾದ ಮೇಲೆ ಊಟ ಮಾಡುವ ದುಡ್ಡು. ಅದನ್ನು ಬಾಕಿ ಇಟ್ಟುಕೊಂಡು ಊರಿಗೆಲ್ಲ ಉಚಿತ ಅಂತ ಬೋರ್ಡ್ ಹಾಕುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

2025ರ ಆಗಸ್ಟ್ 5ರಂದು ಸಾರಿಗೆ ನೌಕರರು ಮುಷ್ಕರ ಹೂಡಿದರು. 38 ತಿಂಗಳ ಹಿಂಬಾಕಿ ಕೊಡಿ ಅನ್ನುವುದು ಅವರ ದೊಡ್ಡ ಬೇಡಿಕೆ. ಆ ಬಾಕಿಯ ಕಾಲದಲ್ಲಿ ಇದ್ದದ್ದು ಬಿಜೆಪಿ ಸರ್ಕಾರ ಅನ್ನುವುದನ್ನೂ ಇಲ್ಲಿ ಬರೆಯಬೇಕು. ಸಂಬಳ ಏರಿಸಿದ್ದೇವೆ ಅಂತ ಘೋಷಿಸಿದವರು ಬಿಜೆಪಿಯವರು, ಕೊಡದೆ ಎಳೆದವರು ಕಾಂಗ್ರೆಸ್ಸಿನವರು. ರಾಜ್ಯದ ಎಷ್ಟೋ ಊರುಗಳಲ್ಲಿ ಆ ದಿನ ಜನ ಬಸ್ ಸ್ಟ್ಯಾಂಡಿನಲ್ಲಿ ಕೂತರು. ನಮ್ಮಲ್ಲಿ? ನಾನು ಮಾಮೂಲು ಬಸ್ಸಿಗೆ ಮಾಮೂಲು ಹೊತ್ತಿಗೆ ಆಫೀಸಿಗೆ ಹೋದೆ. ಬಾನೆಟ್ ಮೇಲೆ ಮಲ್ಲಿಗೆ ಕಟ್ಟು ಇತ್ತು.

ಈಗ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವ ವಿಷಯಕ್ಕೆ ಬರುತ್ತೇನೆ. ಖಾಸಗಿ ಬಸ್ಸುಗಳಿಗೂ ಶಕ್ತಿ ವಿಸ್ತರಿಸಿ, ದುಡ್ಡು ಸರ್ಕಾರ ತುಂಬಿಕೊಡಲಿ ಅನ್ನುವ ಬೇಡಿಕೆ ಹಳೆಯದು. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆಯವರು ಬೆಂಗಳೂರು ಬಂದ್ ಮಾಡಿದಾಗಲೂ ಇದು ಇತ್ತು. ಮಾಲೀಕರ ಕಷ್ಟ ನನಗೆ ಅರ್ಥವಾಗುತ್ತದೆ. ಪಕ್ಕದಲ್ಲಿ ಬಿಟ್ಟಿ ಬಸ್ಸು ಓಡುವಾಗ ದುಡ್ಡಿನ ಬಸ್ಸಿಗೆ ಯಾರು ಹತ್ತುತ್ತಾರೆ? ಆದರೂ ಇದು ಬೇಡ. ಆ ಬೇಡಿಕೆ ಈಡೇರಿದ ದಿನ ಬಸ್ಸಿನ ಧಣಿ ನನ್ನ ಮುಖ ನೋಡುವುದನ್ನು ಬಿಟ್ಟು ವಿಧಾನಸೌಧದ ಕಡೆ ಮುಖ ಮಾಡುತ್ತಾನೆ. ಬಿಲ್ಲು ಪಾಸಾಯಿತೇ, ಈ ತಿಂಗಳದ್ದು ಬಂತೇ, ಯಾರಿಗೆ ಎಷ್ಟು ಕೊಟ್ಟರೆ ಬೇಗ ಬರುತ್ತದೆ. ಸ್ವಂತ ನಿಗಮಗಳಿಗೇ ಸರಿಯಾದ ಹೊತ್ತಿಗೆ ದುಡ್ಡು ಸೇರದೆ ಸಾಲ ಎತ್ತಬೇಕಾದ ಸ್ಥಿತಿ ಇರುವಾಗ, ಕಟಪಾಡಿಯಲ್ಲಿ ಎರಡು ಬಸ್ಸು ಇಟ್ಟುಕೊಂಡವನಿಗೆ ಸಿಗುತ್ತದೆಯೇ? ಬ್ಯಾಂಕಿನ ಕಂತು ಕಟ್ಟಲಾಗದೆ ಅವನು ಬಸ್ಸು ಮಾರುತ್ತಾನೆ. ಆಮೇಲೆ ಉಚಿತವೂ ಇಲ್ಲ, ಬಸ್ಸೂ ಇಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಜನ ಕಟ್ಟಿದ್ದನ್ನು ಸರ್ಕಾರ ಮುಟ್ಟಿದರೆ ಏನಾಗುತ್ತದೆ ಅಂತ ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಯವರಿಗೆ ಗೊತ್ತು. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಇಲ್ಲಿಯ ಜನರ ದುಡ್ಡಿನಿಂದ ಹುಟ್ಟಿದವು. ಸಿಂಡಿಕೇಟಿನ ಪಿಗ್ಮಿ 1928ರಲ್ಲಿ ಶುರುವಾದಾಗ ದಿನಕ್ಕೆ ಎರಡಾಣೆ ಕೊಡುವವನ ಮನೆ ಬಾಗಿಲಿಗೂ ಏಜೆಂಟ್ ಬರುತ್ತಿದ್ದ. ಇಂದಿರಾ ಗಾಂಧಿ ರಾಷ್ಟ್ರೀಕರಣ ಮಾಡಿದರು. ನಂತರ 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್, ಮೂರೂ ಹೆಸರುಗಳು ಅಳಿಸಿ ಹೋದವು. ಅಳಿಸಿದ್ದು ನಾನು ಓಟು ಹಾಕಿದ ಕೇಂದ್ರ ಸರ್ಕಾರ. ಆಗ ಬಹಳ ನೋವಾಗಿತ್ತು, ಈಗಲೂ ಇದೆ.

ಹಾಗೆಯೇ, ಬಿಟ್ಟಿ ಭಾಗ್ಯ ಅಂತ ಇಲ್ಲಿ ಬೈಯುವ ನಮ್ಮ ಪಕ್ಷದವರು ಮಧ್ಯಪ್ರದೇಶದಲ್ಲಿ ಹೆಂಗಸರಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಲಾಡ್ಲಿ ಬೆಹನಾ ತಂದರು, ಮಹಾರಾಷ್ಟ್ರದಲ್ಲಿ ಮಿತ್ರಪಕ್ಷಗಳ ಜತೆ ಸೇರಿ ತಿಂಗಳಿಗೆ ₹1,500ರ ಲಾಡ್ಕಿ ಬಹೀಣ್ ತಂದರು. ಇಲ್ಲಿ ತಪ್ಪಾದದ್ದು ಅಲ್ಲಿ ಸರಿ ಹೇಗಾಗುತ್ತದೆ? ಓಟು ಕೇಳಲು ಮನೆಗೆ ಬಂದವರ ಹತ್ತಿರ ಇದನ್ನೇ ಕೇಳಿದ್ದೆ. ಜಗಲಿಯಲ್ಲಿ ಕೂತು ನೀರು ಕುಡಿದರು, ಉತ್ತರ ಹೇಳದೆ ಎದ್ದರು.

ಖಾಸಗಿ ಬಸ್ಸಿನವರು ದೇವರಲ್ಲ. ಟೈಮಿಂಗ್ ಹಿಡಿಯಲು ಓಡಿಸುವ ಓಟ ನೋಡಿದರೆ ಎದೆ ಹಾರುತ್ತದೆ. ಕಾಲೇಜು ಮಕ್ಕಳನ್ನು ಫುಟ್‌ಬೋರ್ಡಿನಲ್ಲಿ ನೇತಾಡಿಸುತ್ತಾರೆ. ಬಾಗಿಲು ತೆರೆದೇ ಓಡಿಸುತ್ತಾರೆ. ಇಲ್ಲಿ ನಾವು ದುಡ್ಡು ಕೊಟ್ಟೂ ಗ್ರಾಹಕರ ಹಾಗೆ ನಡೆದುಕೊಳ್ಳುವುದಿಲ್ಲ ಅನ್ನುವುದು ನನ್ನ ಬೇಜಾರು. ಮೊನ್ನೆ ಒಂದು ಬಸ್ಸಿನಲ್ಲಿ ಕಂಡಕ್ಟರ್ ದುಡ್ಡು ತೆಗೆದುಕೊಂಡು ಟಿಕೆಟ್ ಕೊಡದೆ ಮುಂದೆ ಹೋದ. ಕರೆದು ಕೇಳಿದೆ. "ಟಿಕೆಟ್ ಬೋಡಾ ಅಕ್ಕ?" ಅಂದ. ಬೇಕು ಅಂದೆ. ಮಷಿನ್ ಹೆಗಲಲ್ಲೇ ನೇತಾಡುತ್ತಿತ್ತು. ನಾಲ್ಕು ಬಟನ್ ಒತ್ತಿದ, ಚೀಟಿ ಬಂತು. ಅಷ್ಟೇ ಕೆಲಸ. ನನ್ನ ಪಕ್ಕದಲ್ಲಿದ್ದ ಅಮ್ಮನೂ ಕೈ ಚಾಚಿ "ಎಂಕ್ಲಾ ಕೊರ್ಲೆ" ಅಂದರು. ಅವರಿಗೂ ಕೊಟ್ಟ. ಹಿಂದಿನ ಸೀಟಿನ ಇಬ್ಬರು ಹುಡುಗಿಯರಿಗೂ ಕೊಡಬೇಕಾಯಿತು.

ಆ ಚೀಟಿಯನ್ನು ಸಣ್ಣದು ಅಂತ ಎಣಿಸಬೇಡಿ. ಅದರಲ್ಲಿ ತಾರೀಕು, ಹೊತ್ತು, ದುಡ್ಡು ಇರುತ್ತದೆ. ನಾಳೆ ಬಸ್ಸು ಎಲ್ಲಾದರೂ ಮಗುಚಿದರೆ ನೀವು ಆ ಬಸ್ಸಿನಲ್ಲಿ ಇದ್ದಿರಿ ಅನ್ನುವುದಕ್ಕೆ ಕೈಯಲ್ಲಿ ಒಂದು ದಾಖಲೆ. ದುಡ್ಡು ಕೊಟ್ಟು ಪಡೆದ ಸೇವೆ ಅನ್ನುವುದಕ್ಕೂ ಅದೇ ದಾಖಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉಚಿತವಾಗಿ ಕೊಡುವ ಸೇವೆಯನ್ನು ಸೇವೆ ಅಂತ ಲೆಕ್ಕ ಹಿಡಿದಿಲ್ಲ. ಶೂನ್ಯ ಟಿಕೆಟಿನ ದುಡ್ಡು ಸರ್ಕಾರ ಕೊಡುತ್ತದೆ, ಹಾಗಾಗಿ ಅದೂ ಸೇವೆಯೇ ಅಂತ ವಕೀಲರು ವಾದ ಮಾಡಬಹುದು. ನನಗೆ ವಕೀಲರ ವಾದ ಬೇಕಾಗಿಲ್ಲ, ನನ್ನ ಚೀಟಿಯೇ ಸಾಕು. ಜಿಲ್ಲಾ ಗ್ರಾಹಕ ಆಯೋಗ ಮಂಗಳೂರಿನಲ್ಲೂ ಉಂಟು, ಉಡುಪಿಯಲ್ಲೂ ಉಂಟು. ಕೊಟ್ಟ ದುಡ್ಡು ₹5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ. 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಬಸ್ಸಿನ ನಂಬರ್, ಹೊತ್ತು ಬರೆದಿಟ್ಟುಕೊಂಡು ಆರ್‌ಟಿಒಗೆ ಒಂದು ಅರ್ಜಿ ಕೊಡಲಿಕ್ಕೂ ಖರ್ಚಿಲ್ಲ.

ಹಾಗಾದರೆ ಸರ್ಕಾರಿ ಬಸ್ಸು ಬೇಡವೇ ಬೇಡವೇ ಅಂತ ಆ ಹುಡುಗಿ ಮತ್ತೆ ಕೇಳಿದಳು. ಬೇಕು. ಎಲ್ಲಿ ಬೇಕು ಅನ್ನುವುದೇ ನನ್ನ ಮಾತು. ಮಂಗಳೂರು, ಮೂಡುಬಿದಿರೆ, ಕಾರ್ಕಳ ಮಾರ್ಗಕ್ಕೆ ಈಚೆಗೆ ಸರ್ಕಾರಿ ಬಸ್ಸು ಬಂತು, ಒಳ್ಳೆಯದೇ. ಆದರೆ ಹಗಲು ಹೊತ್ತು ಐದೈದು ನಿಮಿಷಕ್ಕೆ ಬಸ್ಸು ಇರುವ ಹೆದ್ದಾರಿಯಲ್ಲೇ ಇನ್ನೂ ನಾಲ್ಕು ಬಸ್ಸು ಹಾಕಿ ಫೋಟೊ ತೆಗೆಸಿಕೊಂಡರೆ ಏನು ಪ್ರಯೋಜನ? ರಾತ್ರಿ ಎಂಟೂವರೆ ಕಳೆದ ಮೇಲೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಬಂದು ನಿಂತು ನೋಡಲಿ. ಬಟ್ಟೆ ಅಂಗಡಿ ಮುಚ್ಚಿ ಬರುವ ಹುಡುಗಿಯರು, ಆಸ್ಪತ್ರೆಯ ಶಿಫ್ಟ್ ಮುಗಿಸಿದವರು ದೂರದ ಊರಿನ ಬಸ್ಸಿನವರ ಹತ್ತಿರ ಪಡುಬಿದ್ರಿಯಲ್ಲಿ ನಿಲ್ಲಿಸಿ ಅಂತ ಬೇಡಿಕೊಳ್ಳುವುದು ಕಾಣುತ್ತದೆ. ಪಡುಬಿದ್ರಿಯಲ್ಲಿ ಇಳಿದು ಬೆಳ್ಮಣ್ ಕಡೆ ಹೋಗುವವರಿಗೆ ಇನ್ನೂ ಕಷ್ಟ. ರಿಕ್ಷಾಕ್ಕೆ ಕೊಡುವ ದುಡ್ಡಿನಲ್ಲಿ ಆ ದಿನದ ಸಂಬಳದ ಒಂದು ಪಾಲು ಹೋಗುತ್ತದೆ. ಖಾಸಗಿಯವನಿಗೆ ಆ ಹೊತ್ತಿನಲ್ಲಿ ಕಲೆಕ್ಷನ್ ಹುಟ್ಟುವುದಿಲ್ಲ, ಅವನು ಬರುವುದಿಲ್ಲ. ಸರ್ಕಾರ ಬರಬೇಕಾದದ್ದು ಅಲ್ಲಿಗೆ. ಒಳಗಿನ ಊರುಗಳ ಶಾಲೆ ಬಿಡುವ ಹೊತ್ತಿಗೆ, ರಾತ್ರಿಯ ಕೊನೆಯ ಟ್ರಿಪ್ಪಿಗೆ. ಅದಕ್ಕೆ ನನ್ನ ತೆರಿಗೆ ಹೋಗಲಿ, ಸಂತೋಷದಿಂದ ಕೊಡುತ್ತೇನೆ, ಟಿಕೆಟಿನ ದುಡ್ಡನ್ನೂ ಕೊಡುತ್ತೇನೆ.

ಪರ್ಮಿಟ್ ಮತ್ತು ಟೈಮಿಂಗ್ ತೀರ್ಮಾನ ಮಾಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. ನಾವು ಪಡುಬಿದ್ರಿ, ಹೆಜಮಾಡಿ, ಮೂಲ್ಕಿಯ ಕೆಲವರು ಹೆಂಗಸರು ಸೇರಿ ಒಂದು ಅರ್ಜಿ ಬರೆದಿದ್ದೇವೆ. ಎರಡೇ ಬೇಡಿಕೆ: ರಾತ್ರಿ ಒಂಬತ್ತರ ಮೇಲೆ ಮಂಗಳೂರಿನಿಂದ ಉಡುಪಿಗೆ ಎಲ್ಲ ಸ್ಟಾಪಿನಲ್ಲಿ ನಿಲ್ಲುವ ಸರ್ಕಾರಿ ಬಸ್ಸು, ಅದಕ್ಕೆ ಹೊಂದಿಕೊಂಡು ಪಡುಬಿದ್ರಿಯಿಂದ ಕಾರ್ಕಳಕ್ಕೆ ಒಂದು. ಒಂದು ಪ್ರತಿ ಉಡುಪಿಗೆ, ಇನ್ನೊಂದು ಮಂಗಳೂರಿಗೆ. ಸಹಿ ಹಾಕುವವರು ಈ ವಾರದೊಳಗೆ ತಿಳಿಸಿ. ಯಾವ ಪಕ್ಷದವರಾದರೂ ಆಗುತ್ತದೆ. ಬೆಳಗಿನ ಬಸ್ಸಿನಲ್ಲಿ ಅರ್ಜಿ ನನ್ನ ಬ್ಯಾಗಿನಲ್ಲೇ ಇರುತ್ತದೆ.